ಮರಳಿ ಬಂದ ಮೇಲ್

ಕೇಳುಗರಿಗೆ ನಮಸ್ಕಾರ.

ನಮ್ಮ ಬೀದಿಯ ಕೊನೆಯ ಮನೆಯಲ್ಲಿ ನಿವೃತ್ತ ಹೈಸ್ಕೂಲು ಮೇಷ್ಟ್ರೊಬ್ಬರಿದ್ದಾರೆ. ಎಂಟನೆಯ ತರಗತಿಯಲ್ಲಿ ನನಗೆ ಗಣಿತ ಕಲಿಸಿದವರು. ಹೋದ ತಿಂಗಳು ಒಂದು ಸಂಜೆ ಫೋನ್ ಮಾಡಿದರು. "ಪಿಂಚಣಿ ಕಾಗದಗಳನ್ನು ಮೂರು ಸಲ ಮೇಲ್ ಮಾಡಿದೆನಪ್ಪಾ. ಕಚೇರಿಯವರು ಬಂದೇ ಇಲ್ಲ ಎನ್ನುತ್ತಾರೆ. ಕಂಪ್ಯೂಟರ್ ಕೆಟ್ಟಿರಬೇಕು, ಬಂದು ನೋಡು."

ಇಂಥ ದೂರು ಬಂದಾಗ ನಾನು ಮೊದಲು ನೋಡುವುದು ಪತ್ರ ಎಲ್ಲಿ ನಿಂತಿದೆ ಎಂಬುದನ್ನು. ಔಟ್‌ಬಾಕ್ಸ್‌ನಲ್ಲಿದ್ದರೆ ಅದು ನಿಮ್ಮ ಮನೆಯ ಹೊಸ್ತಿಲನ್ನೇ ದಾಟಿಲ್ಲ: ಇಂಟರ್‌ನೆಟ್, ಪಾಸ್‌ವರ್ಡ್, ಸೆಟ್ಟಿಂಗ್ ಇವುಗಳಲ್ಲಿ ಒಂದು ಕೈಕೊಟ್ಟಿದೆ. ಸೆಂಟ್ ಫೋಲ್ಡರಿಗೆ ಹೋಗಿದ್ದರೆ ಸಾಮಾನ್ಯವಾಗಿ ತಕರಾರು ಹೊಸ್ತಿಲಿನಾಚೆಯದು. ಮೇಷ್ಟ್ರ ಮೂರೂ ಪತ್ರಗಳು ಸೆಂಟ್‌ನಲ್ಲೇ ಇದ್ದವು.

"ವಾಪಸು ಏನೂ ಬರಲಿಲ್ಲವೇ ಸಾರ್?" ಎಂದೆ. "ಏನೋ ಡೀಮನ್ ಅಂತ ಇಂಗ್ಲಿಷಿನಲ್ಲಿ ಬಂದಿತ್ತು. ವೈರಸ್ ಇರಬೇಕೆಂದು ತೆರೆಯದೆ ಅಳಿಸಿಬಿಟ್ಟೆ" ಎಂದರು.

ಮೇಲರ್ ಡೀಮನ್ ಎಂಬ ಹೆಸರು ಹೆದರಿಸುವಂಥದ್ದೇ, ಒಪ್ಪುತ್ತೇನೆ. ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ ಕಲ್ಪಿಸಿಕೊಂಡ, ಅಣುಗಳನ್ನು ಬೇರ್ಪಡಿಸುತ್ತಾ ಕೂರುವ ಒಂದು ಪುಟ್ಟ ಭೂತದ ನೆನಪಿಗೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು 1960ರ ದಶಕದಲ್ಲಿ ಈ ಪದವನ್ನು ಹಿಡಿದುಕೊಂಡರು. ತೆರೆಮರೆಯಲ್ಲಿ ಸುಮ್ಮನೆ ದುಡಿಯುವ ಪ್ರೋಗ್ರಾಮಿಗೆ ಅದೇ ಹೆಸರು. ಅಂಚೆಯಣ್ಣ ಲಕೋಟೆಯ ಮೇಲೆ "ವಿಳಾಸದಾರರು ಇಲ್ಲ" ಎಂದು ಬರೆದು ಹಿಂದಿರುಗಿಸುತ್ತಾನಲ್ಲ, ಡೀಮನ್ ಮಾಡುವುದೂ ಅದನ್ನೇ. ಆದರೆ ಒಂದು ಎಚ್ಚರಿಕೆ: ಆ ಹೆಸರಿನಲ್ಲಿ ನಕಲಿ ಪತ್ರಗಳೂ ಬರುತ್ತವೆ. ನೀವು ಕಳಿಸದ ಮೇಲ್ ಮರಳಿದೆ ಎಂದು ಬಂದರೆ ಅದರಲ್ಲಿರುವ ಕೊಂಡಿಯನ್ನು ಒತ್ತಬೇಡಿ.

ಅಳಿಸಿದ್ದನ್ನು ಕಸದ ಬುಟ್ಟಿಯಿಂದ ಎತ್ತಿ ಓದಿದೆವು. ಉದ್ದನೆಯ ಇಂಗ್ಲಿಷ್ ನಡುವೆ ಮೂರಂಕಿಯ ಒಂದು ಸಂಖ್ಯೆ ಇರುತ್ತದೆ. ಅದರ ಮೊದಲ ಅಂಕಿಯೇ ಮುಖ್ಯ. 4 ಎಂದಿದ್ದರೆ "ಈಗ ಆಗದು, ಆಮೇಲೆ ಬಾ" ಎಂದರ್ಥ. ನೀವೇನೂ ಮಾಡಬೇಕಿಲ್ಲ, ಮೇಲ್ ಸಾಗಿಸುವ ಕಂಪ್ಯೂಟರ್, ಅಂದರೆ ಸರ್ವರ್, ತಾನೇ ನಾಲ್ಕೈದು ದಿನ ಮತ್ತೆ ಮತ್ತೆ ಯತ್ನಿಸುತ್ತದೆ. ಕೆಲವು ಸರ್ವರ್‌ಗಳಂತೂ ಅಪರಿಚಿತರನ್ನು ಮೊದಲ ಸಲ ಬೇಕೆಂದೇ ಹಿಂದೆ ಕಳಿಸುತ್ತವೆ; ಕಸದ ಮೇಲ್ ಸುರಿಯುವವರಿಗೆ ಎರಡನೆಯ ಸಲ ಬರುವ ವ್ಯವಧಾನ ಇರುವುದಿಲ್ಲ ಎಂಬ ಲೆಕ್ಕಾಚಾರ. 5 ಎಂದಿದ್ದರೆ ಖಡಾಖಂಡಿತ ನಿರಾಕರಣೆ. 550 ಎಂದು ಬಂದು ಜೊತೆಗೆ "ಯೂಸರ್ ಅನ್‌ನೋನ್" ಎಂದಿದ್ದರೆ ಅಂಥ ವಿಳಾಸವೇ ಇಲ್ಲ. ಒಂದು ಅಕ್ಷರ ತಪ್ಪಿರುತ್ತದೆ, ಅಷ್ಟೇ.

ಮೇಷ್ಟ್ರಿಗೆ ಬಂದದ್ದು 552. ಪತ್ರದ ಗಾತ್ರ ಮಿತಿ ಮೀರಿದೆ, ಮಿತಿ 10 ಎಂಬಿ ಎಂದು ಅದರಲ್ಲೇ ಬರೆದಿತ್ತು. ಮೇಷ್ಟ್ರು ಬಿಡಲಿಲ್ಲ. "ನನ್ನ ಫೈಲು 8 ಎಂಬಿ. ಎಂಟು ಹತ್ತಕ್ಕಿಂತ ದೊಡ್ಡದು ಯಾವಾಗ ಆಯಿತು?" ಎಂದರು.

ಗಣಿತದವರಿಗೆ ಗಣಿತದಲ್ಲೇ ಹೇಳಬೇಕಾಯಿತು. ಇಂಟರ್‌ನೆಟ್ ಮೇಲ್ ಕಳಿಸುವ ಎಸ್‌ಎಂಟಿಪಿ ನಿಯಮ ಮೊದಲು ಬರಹಕ್ಕಿಳಿದದ್ದು 1981ರಲ್ಲಿ, ಬರೀ ಇಂಗ್ಲಿಷ್ ಅಕ್ಷರಗಳನ್ನು ಸಾಗಿಸಲಿಕ್ಕೆ. ಚಿತ್ರವಾಗಲಿ ಪಿಡಿಎಫ್ ಆಗಲಿ ಆ ದಾರಿಯಲ್ಲಿ ಹೋಗಬೇಕಾದರೆ ಅಕ್ಷರಗಳ ವೇಷ ತೊಡಬೇಕು. ಫೈಲಿನ ಪ್ರತಿ ಮೂರು ಬೈಟಿಗೆ ನಾಲ್ಕು ಅಕ್ಷರ, ಅಕ್ಷರಕ್ಕೊಂದು ಬೈಟು. ಎಂಟನ್ನು ನಾಲ್ಕರಿಂದ ಗುಣಿಸಿ ಮೂರರಿಂದ ಭಾಗಿಸಿದರೆ ಹತ್ತೂಮುಕ್ಕಾಲರ ಹತ್ತಿರ. ಮೇಷ್ಟ್ರು ಬೆರಳು ಮಡಚಿ ಎಣಿಸಿ, "ಹಾಗಾದರೆ ಏಳೂವರೆ ದಾಟಿದರೆ ಕಷ್ಟ" ಎಂದರು. ನಾನು ಈ ಲೆಕ್ಕ ಹಾಕಿಟ್ಟುಕೊಂಡಿರಲಿಲ್ಲ.

ಕಾಗದಗಳನ್ನು ಬಣ್ಣದಲ್ಲಿ 300 ಡಿಪಿಐಗೆ, ಅಂದರೆ ಇಂಚಿಗೆ 300 ಚುಕ್ಕಿಯಂತೆ, ಸ್ಕ್ಯಾನ್ ಮಾಡಿದ್ದರು. ಕಪ್ಪು-ಬಿಳುಪಿನಲ್ಲಿ 150ಕ್ಕೆ ಇಳಿಸಿದೆವು. ಮೊಹರು, ಸಹಿ ಎಲ್ಲ ಚೆನ್ನಾಗಿ ಕಾಣುತ್ತಿದ್ದವು. ಫೈಲು 2 ಎಂಬಿಗಿಂತ ಕೆಳಗಿಳಿಯಿತು, ಪತ್ರ ಹೋಯಿತು.

ಇನ್ನು, "ಮೇಲ್ ಬರುತ್ತದೆ, ಆದರೆ ಹೋಗುವುದಿಲ್ಲ" ಎನ್ನುವವರು. ಔಟ್‌ಲುಕ್, ಥಂಡರ್‌ಬರ್ಡ್‌ನಂಥ ಮೇಲ್ ಪ್ರೋಗ್ರಾಮು ಬಳಸುವವರಿಂದ ಈ ಮಾತು ಬಹಳ ಕೇಳುತ್ತೇನೆ. ಬರುವ ದಾರಿ ಬೇರೆ, ಹೋಗುವ ದಾರಿ ಬೇರೆ. ಎರಡಕ್ಕೂ ಸೆಟ್ಟಿಂಗ್ ಬೇರೆ ಬೇರೆ. ಹೋಗುವ ಸರ್ವರ್‌ನ ಪೋರ್ಟ್, ಅಂದರೆ ಬಾಗಿಲಿನ ಸಂಖ್ಯೆ, 25 ಎಂದಿದ್ದರೆ 587 ಅಥವಾ 465 ಮಾಡಿ ನೋಡಿ. ಕಸದ ಮೇಲ್ ತಡೆಯಲು ಇಂಟರ್‌ನೆಟ್ ಕೊಡುವ ಅನೇಕರು 25ರ ಬಾಗಿಲನ್ನು ಮುಚ್ಚಿರುತ್ತಾರೆ. ಪಾಸ್‌ವರ್ಡ್ ಬದಲಿಸಿದ್ದರೆ ಇಲ್ಲಿಯೂ ಬದಲಿಸಬೇಕು.

ಗಡಿಯಾರವನ್ನೂ ನೋಡಿ. ನನ್ನ ಹಳೆಯ ಕಂಪ್ಯೂಟರ್ ಒಮ್ಮೆ ಎರಡು ದಿನ ಮೇಲ್ ಕಳಿಸದೆ ಸತಾಯಿಸಿತು. ಪರದೆಯ ಮೂಲೆಯಲ್ಲಿ 2009ರ ಜನವರಿ ಎಂದಿತ್ತು! ಸರ್ವರ್ ತೋರಿಸುವ ಭದ್ರತಾ ಪ್ರಮಾಣಪತ್ರದ ಅವಧಿ ಆ ತಾರೀಖಿಗೆ ಇನ್ನೂ ಶುರುವೇ ಆಗಿಲ್ಲವಲ್ಲ, ಹಾಗಾಗಿ ಕಂಪ್ಯೂಟರ್ ನಂಬಲು ಒಪ್ಪುತ್ತಿರಲಿಲ್ಲ. ಕಂಪ್ಯೂಟರಿನ ಒಳಗಿನ ಮುಖ್ಯ ಹಲಗೆ ಮದರ್‌ಬೋರ್ಡಿನ ಮೇಲೆ, ಗಡಿಯಾರ ನಡೆಸಲು, ನಾಣ್ಯದಂಥ ಒಂದು ಬ್ಯಾಟರಿ ಇರುತ್ತದೆ, ಸಿಆರ್ 2032. ಅದನ್ನು ಬದಲಿಸಿ ತಾರೀಖು ಸರಿಪಡಿಸಿದೆ, ಸಿಕ್ಕಿಕೊಂಡಿದ್ದ ಏಳು ಪತ್ರಗಳೂ ಒಟ್ಟಿಗೆ ಹೊರಟವು.

ಅಂದ ಹಾಗೆ, ಮೇಷ್ಟ್ರು ಅಂದು ರಾತ್ರಿಯೇ ನನಗೊಂದು ಧನ್ಯವಾದದ ಮೇಲ್ ಬರೆದರಂತೆ. ನನಗೆ ತಲುಪಿದ್ದು ಮರುದಿನ ಬೆಳಿಗ್ಗೆ ಹತ್ತಕ್ಕೆ. ಸೆಂಡ್ ಒತ್ತಿದವರೇ ಲ್ಯಾಪ್‌ಟಾಪ್ ಮುಚ್ಚಿ ಮಲಗಿಬಿಟ್ಟಿದ್ದರು. ಪತ್ರವೂ ರಾತ್ರಿಯಿಡೀ ಔಟ್‌ಬಾಕ್ಸ್‌ನಲ್ಲಿ ಮಲಗಿತ್ತು.

ನಮಸ್ಕಾರ.