ಮಾವಶಿಗೆ ಬೇರೆ ಲೋಟ, ಅಮ್ಮನಿಗೆ ಒಳ್ಳೆಯ ಆರೈಕೆ?

ನಮಸ್ಕಾರ. ಇವತ್ತು ಮುಂಬೈಯ ಕನ್ನಡದ ಮನೆಗಳಲ್ಲಿ ದಿನಾ ನಡೆಯುವ ಒಂದು ವಿಷಯ. ಮನೆಯಲ್ಲಿ ವಯಸ್ಸಾದವರು ಬಿದ್ದು ಸೊಂಟ ಮುರಿದುಕೊಂಡಿದ್ದಾರೆ, ಇಲ್ಲಾ ಪಾರ್ಶ್ವವಾಯು ಹೊಡೆದಿದೆ. ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರು. ನೋಡಿಕೊಳ್ಳಲು ಜನ ಬೇಕು. ಮನೆಗೆ ಆರೈಕೆಯ ಜನ ಕಳಿಸುವ ಒಂದು ಬ್ಯೂರೋದ ನಂಬರ್ ಯಾರೋ ಕೊಡುತ್ತಾರೆ. ಹಾಗೆ ಬರುವ ಹೆಂಗಸನ್ನು ಇಲ್ಲಿ ಮಾವಶಿ ಅನ್ನುತ್ತೇವೆ. ಫೋನ್ ಮಾಡುತ್ತೀರಿ.

ಆ ಕಡೆಯಿಂದ ಬರುವ ಪ್ರಶ್ನೆಗಳು ನಿಮಗೂ ಗೊತ್ತಿರುತ್ತವೆ. ಪೇಶಂಟ್ ಗಂಡಸೋ ಹೆಂಗಸೋ? ಓಡಾಡ್ತಾರಾ, ಮಲಗಿದಲ್ಲೇನಾ? ಡೈಪರ್ ಇದೆಯಾ? ಎಷ್ಟು ಕಿಲೋ? 12 ಗಂಟೆ ಡ್ಯೂಟಿಯೋ, 24 ಗಂಟೆಯೋ? ತೂಕ ಕೇಳುವುದರಲ್ಲಿ ತಪ್ಪಿಲ್ಲ. 80 ಕಿಲೋ ಮನುಷ್ಯನನ್ನು ಎರಡೆರಡು ಗಂಟೆಗೆ ಮಗ್ಗುಲು ತಿರುಗಿಸುವವಳು ಒಬ್ಬಳೇ ಹೆಂಗಸು. ತಿರುಗಿಸದೆ ಬಿಟ್ಟರೆ ಬೆನ್ನಿನಲ್ಲಿ ಹುಣ್ಣು. ಆದರೆ ಪ್ರಶ್ನೆ ಅಲ್ಲಿಗೇ ನಿಲ್ಲುತ್ತದೆ. ಅವರು ಯಾವ ಭಾಷೆ ಆಡ್ತಾರೆ, ಬೆಳಿಗ್ಗೆ ಎದ್ದು ಮೊದಲು ಏನು ಮಾಡ್ತಾರೆ, ಏನು ತಿಂದರೆ ಹೊಟ್ಟೆಗೆ ಹಿಡಿಸುತ್ತದೆ ಎಂದು ಯಾರೂ ಕೇಳುವುದಿಲ್ಲ.

ನಮ್ಮ ಪ್ರಶ್ನೆಗಳೂ ಹೆಚ್ಚು ಕಡಿಮೆ ಒಂದೇ. ಎಷ್ಟು ತಗೊಳ್ತೀರಿ? ಜೊತೆಗೆ ಸ್ವಲ್ಪ ಅಡುಗೆನೂ ಮಾಡ್ತಾಳಾ? ಆಮೇಲೆ ದನಿ ತಗ್ಗಿಸಿ, ಯಾವ ಜನ?

ಈ ಎರಡು ಪಟ್ಟಿಗಳೂ ಹೀಗೇ ಇರುವ ತನಕ ಮನೆಯ ಆರೈಕೆ ಸುಧಾರಿಸುವುದಿಲ್ಲ. ‘ನಮ್ಮ ಸಂಸ್ಕೃತಿ ಗೊತ್ತಿರುವವರು ಬೇಕು’ ಎಂದು ಎಲ್ಲರೂ ಹೇಳುತ್ತೇವೆ. ಆದರೆ ರೋಗಿಯ ಸಂಸ್ಕೃತಿ ಗೊತ್ತಾಗಬೇಕಾದರೆ ಆ ಹೆಂಗಸು ಒಂದೇ ಮನೆಯಲ್ಲಿ ಕೆಲವು ತಿಂಗಳಾದರೂ ಉಳಿಯಬೇಕು. ಅವಳು ಉಳಿಯದ ಹಾಗೆ ಮಾಡುವುದರಲ್ಲಿ ಬ್ಯೂರೋಗಳದ್ದು ಅರ್ಧ ಪಾಲು. ಇನ್ನರ್ಧ ನಮ್ಮದೇ.

ಒಂದು ಮನೆಯ ಕಥೆ ಹೇಳುತ್ತೇನೆ. ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನಮ್ಮ ಸೊಸೈಟಿಯವರೇ. ಅಮ್ಮ ಕುಂದಾಪುರದ ಕಡೆಯವರು, ಶುಗರ್ ಇದೆ, ಇನ್ಸುಲಿನ್ ಮೇಲಿದ್ದಾರೆ. ಸೊಂಟದ ಆಪರೇಷನ್ ಆಗಿ ಹಾಸಿಗೆಯಲ್ಲೇ ಇದ್ದರು. ಸೊಸೆ ಬೆಳಿಗ್ಗೆ ಇನ್ಸುಲಿನ್ ಚುಚ್ಚಿ ಲೋಕಲ್ ಹಿಡಿಯಲು ಓಡುವವರು. 8 ಗಂಟೆಗೆ ಮಾವಶಿ ಬರುತ್ತಾಳೆ, ಕಾಂದಾ ಪೋಹೆಯ, ಅಂದರೆ ಈರುಳ್ಳಿ ಹಾಕಿದ ಅವಲಕ್ಕಿಯ, ತಟ್ಟೆ ಮುಂದಿಡುತ್ತಾಳೆ. ಅಮ್ಮ ಮುಖ ತಿರುಗಿಸುತ್ತಾರೆ. ಮಾವಶಿ ಎರಡು ಸಲ ಕರೆದು ನೋಡಿ ಬ್ಯೂರೋದ ಪುಸ್ತಕದಲ್ಲಿ ಬರೆಯುತ್ತಾಳೆ: ನಾಷ್ಟಾ ಬೇಡ ಅಂದರು. ಬಿಪಿ, ಶುಗರ್, ಮೋಶನ್, ಎಲ್ಲಾ ಕಾಲಂ ತುಂಬಿರುತ್ತದೆ. ನೋಡಲು ಅಚ್ಚುಕಟ್ಟು.

ಒಂದು ದಿನ 10 ಗಂಟೆ ಹೊತ್ತಿಗೆ ಅಮ್ಮನಿಗೆ ಮೈಯೆಲ್ಲಾ ಬೆವರು, ಕೈ ನಡುಕ. ಶುಗರ್ ನೋಡಿದರೆ 70ಕ್ಕಿಂತ ಕೆಳಗೆ. ಪಕ್ಕದ ಮನೆಯವರು ಸಕ್ಕರೆ ನೀರು ಕುಡಿಸಿದರು. ಡಾಕ್ಟರ್ ಬಂದವರು ಪುಸ್ತಕ ನೋಡಿ, ಹಸಿವು ಕಡಿಮೆಯಾಗಿದೆ, ಡೋಸ್ ಕಡಿಮೆ ಮಾಡೋಣ ಅಂದರು. ಹಸಿವು ಕಡಿಮೆಯಾಗಿರಲೇ ಇಲ್ಲ! ಆ ಅಮ್ಮ ಹುಟ್ಟಿದಾಗಿನಿಂದ ಸ್ನಾನ ಮಾಡದೆ, ದೇವರಿಗೆ ದೀಪ ಹಚ್ಚದೆ ಬಾಯಿಗೆ ಏನೂ ಹಾಕಿದವರಲ್ಲ. ಅದರಲ್ಲೂ ಈರುಳ್ಳಿ! ಮಾವಶಿಯ ಲೆಕ್ಕದಲ್ಲಿ ಸ್ನಾನ 11 ಗಂಟೆಗೆ. ಬ್ಯೂರೋದವರು ಹಾಗೇ ಹೇಳಿ ಕಳಿಸಿದ್ದರು.

ಆಮೇಲೆ ಬಂದವಳು ಕಣಕವಲಿಯ ಕಡೆಯ ಹೆಂಗಸು. ಎರಡನೇ ದಿನವೇ ‘ಆಜಿ, ಮೊದಲು ಮೈ ಒರೆಸಿಬಿಡ್ಲಾ?’ ಎಂದು ಮರಾಠಿಯಲ್ಲಿ ಕೇಳಿದಳಂತೆ. ಅಮ್ಮ ತಲೆ ಆಡಿಸಿದರು. ಅರ್ಧ ಗಂಟೆ ಮುಂಚಿನ ಲೋಕಲ್ ಗಾಡಿಗೆ ಬರಲು ಶುರು ಮಾಡಿದಳು. ಬಿಸಿನೀರಿನಲ್ಲಿ ಮೈ ಒರೆಸಿ, ಸೀರೆ ಬದಲು ಕಾಟನ್ ನೈಟಿಯ ಮೇಲೆ ಒಂದು ಶಾಲು ಹೊದಿಸಿ, ಹಾಸಿಗೆ ಎತ್ತರಿಸಿ ದೇವರ ಫೋಟೋ ಕಾಣುವ ಹಾಗೆ ಕೂರಿಸಿ, ದೀಪ. ಆಮೇಲೆ ಸೊಸೆ ಇನ್ಸುಲಿನ್ ಕೊಡುತ್ತಿದ್ದರು, ಹಿಂದೆಯೇ ಕುಚ್ಚಲಕ್ಕಿ ಗಂಜಿ. ಕೊಂಕಣದವಳಿಗೆ ಗಂಜಿಯನ್ನು ಯಾರೂ ಕಲಿಸಿಕೊಡಬೇಕಾಗಿರಲಿಲ್ಲ, ಅವಳ ಮನೆಯಲ್ಲೂ ಅದೇ ತಾನೆ ಕುಡಿಯೋದು. ಪುಸ್ತಕದಲ್ಲಿ ‘ಬೇಡ ಅಂದರು’ ಕಾಣಲಿಲ್ಲ.

ಸಂಸ್ಕೃತಿ ಅಂದ ತಕ್ಷಣ ನಮಗೆ ನೆನಪಾಗುವುದು ಹಬ್ಬಕ್ಕೆ ಒಬ್ಬಟ್ಟು, ಟಿವಿಯಲ್ಲಿ ಯಕ್ಷಗಾನ. ಇರಲಿ, ಬೇಡ ಅನ್ನಲ್ಲ. ಆದರೆ ಸ್ನಾನ ಮೊದಲೋ ತಿಂಡಿ ಮೊದಲೋ ಅನ್ನುವುದು ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಆಸ್ಪತ್ರೆ ಮತ್ತು ಮನೆಯ ನಡುವಿನ ವ್ಯತ್ಯಾಸ. ಏಕಾದಶಿ ಉಪವಾಸದ ದಿನವೂ ಅಷ್ಟೇ. ಗೊತ್ತಿಲ್ಲದ ಮಾವಶಿ ಶುಗರ್ ಮಾತ್ರೆ ಕೊಟ್ಟೇ ಕೊಡುತ್ತಾಳೆ, ಅಮ್ಮ ಊಟ ಬಿಟ್ಟೇ ಬಿಡುತ್ತಾರೆ.

ಭಾಷೆಯ ವಿಷಯಕ್ಕೆ ಬರೋಣ. ಬ್ಯೂರೋದವರು ಹೇಳುತ್ತಾರೆ, ‘ನಿಮ್ಮವರಿಗೆ ಹಿಂದಿ ಮರಾಠಿ ಚೆನ್ನಾಗಿ ಬರುತ್ತಲ್ಲ, ಏನು ತೊಂದರೆ?’ ನಿಜ. ನಲವತ್ತು ವರ್ಷ ಹೋಟೆಲಿನ ಗಲ್ಲೆಯಲ್ಲಿ ಕೂತ ಶೆಟ್ಟರ ಮರಾಠಿಗೆ ಗಿರಗಾಂವಿನವರೂ ತಲೆದೂಗಬೇಕು. ಆದರೆ ಡಿಮೆನ್ಶಿಯಾ ಬಂದ ಅನೇಕರಲ್ಲಿ ಆಮೇಲೆ ಕಲಿತ ಭಾಷೆ ಮೊದಲು ಜಾರುತ್ತದೆ, ಚಿಕ್ಕಂದಿನದು ಹೆಚ್ಚು ಕಾಲ ಉಳಿಯುತ್ತದೆ. ನಿನ್ನೆಯವರೆಗೆ ‘ಪಾನೀ ದೋ’ ಅನ್ನುತ್ತಿದ್ದವರು ಇವತ್ತು ‘ನೀರ್, ನೀರ್’ ಅನ್ನುತ್ತಾರೆ. ರಾತ್ರಿ ಪಾಳಿಯವಳಿಗೆ ಅದು ಸುಮ್ನೆ ಗೊಣಗಾಟ. ಇನ್ನು ಹೆಂಗಸರು, ಮನೆಯೊಳಗೇ ಇದ್ದವರು, ಅವರಿಗೆ ಎಷ್ಟೋ ಕಡೆ ಮೊದಲಿನಿಂದಲೂ ಬಾಜಾರಿನ ನಾಲ್ಕು ಮಾತಿನಷ್ಟೇ ಮರಾಠಿ.

ಹಾಗಾದರೆ ಕನ್ನಡದ ಮಾವಶಿಯೇ ಬೇಕಾ? ಸಿಕ್ಕರೆ ಸಂತೋಷ. ಸಿಗುವುದು ಕಷ್ಟ. 2011ರ ಜನಗಣತಿಯಲ್ಲಿ ಮಹಾರಾಷ್ಟ್ರದಲ್ಲಿ ಕನ್ನಡ ಮಾತೃಭಾಷೆಯವರು ಸುಮಾರು 10 ಲಕ್ಷ. ತುಳುವಿನವರ ಲೆಕ್ಕ ಬೇರೆ. ಇಷ್ಟು ಜನರಿದ್ದೂ ಈ ಕೆಲಸಕ್ಕೆ ಬರುವವರು ಬಹುಪಾಲು ಮರಾಠಿಯವರು. ಸಿಕ್ಕರೂ ಎಲ್ಲಾ ಸರಿಹೋಗುತ್ತದೆ ಅಂದುಕೊಳ್ಳಬೇಡಿ. ಕಲಬುರಗಿಯ ಹುಡುಗಿಯ ಮಾತು ಮೂಲ್ಕಿಯ ತುಳು ಅಜ್ಜಿಗೆ ತಿಳಿಯಬೇಕಲ್ಲ! ಅದೇ ವಿಜಯಪುರದ ಅಜ್ಜನಿಗೆ ಸೋಲಾಪುರದ ಮಾವಶಿ ಬಂದರೆ ಜೋಳದ ರೊಟ್ಟಿಯ ಮುಂದೆ ಭಾಷೆ ಅಡ್ಡ ಬರುವುದೇ ಇಲ್ಲ. ಭಾಷೆ ಬಲ್ಲವಳಿಗಿಂತ ಕೇಳಿ ತಿಳಿದುಕೊಳ್ಳುವವಳು ಮೇಲು ಎಂದೇ ನಾನು ಹೇಳುವುದು.

ಮಾಡಲು ಸುಲಭವಾದದ್ದೊಂದಿದೆ. ಒಂದು ಹಾಳೆ ತೆಗೆದುಕೊಳ್ಳಿ. ನೀರು, ನೋವು, ಚಳಿ, ಸೆಕೆ, ಒಂದಕ್ಕೆ, ಎರಡಕ್ಕೆ, ಸಾಕು, ಮಗ್ಗುಲು. ನಿಮ್ಮ ಅಮ್ಮ ಹೇಗೆ ಹೇಳುತ್ತಾರೋ ಹಾಗೇ, ದೇವನಾಗರಿಯಲ್ಲಿ ಬರೆದು ಪಕ್ಕದಲ್ಲಿ ಮರಾಠಿ ಹಾಕಿ ಮಂಚದ ಹತ್ತಿರ ಅಂಟಿಸಿ. ಓದಲು ಬಾರದವಳಾದರೆ ಸೊಸೆಯ ದನಿಯಲ್ಲಿ ವಾಟ್ಸಾಪ್ ಆಡಿಯೋ. ಹಾಳೆಯ ಕೆಳಗೆ ದಿನಚರಿ: ಯಾವಾಗ ಸ್ನಾನ, ಎಲೆ ಅಡಿಕೆ ಉಂಟಾ, ಮೀನು ತಿನ್ನದ ವಾರ ಯಾವುದು, ಗಂಡಸರ ಕೈಯಲ್ಲಿ ಡೈಪರ್ ಬದಲಾಯಿಸಲು ಒಪ್ಪುತ್ತಾರಾ. ಕೊನೆಯದನ್ನು ಕೇಳಲು ನಾಚಿಕೆಯಾಗುತ್ತದೆ. ಕೇಳದಿದ್ದರೆ ಒಂದು ದಿನ ಬದಲಿಗೆ ವಾರ್ಡ್ ಬಾಯ್ ಬಂದು ನಿಲ್ಲುತ್ತಾನೆ, ಅಮ್ಮ ಇಡೀ ದಿನ ಒದ್ದೆಯಲ್ಲೇ ಮಲಗುತ್ತಾರೆ.

ಈಗ ಆ ಕಣಕವಲಿಯ ಮಾವಶಿ. ಎರಡು ತಿಂಗಳಾದ ಮೇಲೆ ಬಿಟ್ಟು ಹೋದಳು. ಯಾಕೆ ಅಂತ ಲಿಫ್ಟಿನ ಹತ್ತಿರ ಸಿಕ್ಕಾಗ ನಾನೇ ಕೇಳಿದೆ. ಜಗಳ ಏನೂ ಇರಲಿಲ್ಲ. ಅವಳಿಗೆ ಬೇರೆ ಸ್ಟೀಲ್ ಲೋಟ, ಬೇರೆ ತಟ್ಟೆ, ಬಾಲ್ಕನಿಯ ಕಿಟಕಿಯಲ್ಲಿ ಇಟ್ಟಿದ್ದರು. ಊಟ ಅಲ್ಲೇ ವಾಷಿಂಗ್ ಮಷಿನ್ ಪಕ್ಕ ನೆಲದ ಮೇಲೆ. ತಿಂಗಳ ಆ ದಿನಗಳಲ್ಲಿ ಅಡುಗೆಮನೆಗೆ ಬರಬೇಡ ಎಂದಿದ್ದರು, ಆದರೆ ಅಮ್ಮನ ಡೈಪರ್ ಬದಲಾಯಿಸಲು ರಜೆ ಇರಲಿಲ್ಲ. ಅವಳ ಕೈಯಿಂದ ಅಮ್ಮ ಗಂಜಿ ಕುಡಿಯಬಹುದು. ಅದೇ ಕೈ ಮನೆಯವರ ಲೋಟ ಮುಟ್ಟಬಾರದು.

ಆ ಸೊಸೆ ಕೆಟ್ಟವರಲ್ಲ ಮತ್ತೆ. ದೀಪಾವಳಿಗೆ ಸೀರೆ ಕೊಟ್ಟವರು, ಮಳೆಗಾಲದಲ್ಲಿ ಗಾಡಿ ನಿಂತಾಗ ಮನೆಯಲ್ಲೇ ಉಳಿಸಿಕೊಂಡವರು. ಕೇಳಿದರೆ ‘ನಮ್ಮಲ್ಲಿ ಮೊದಲಿನಿಂದ ಹೀಗೇ’ ಅನ್ನುತ್ತಾರೆ. ಇಂಥ ಕಡೆ ನಾನು ಸಂಸ್ಕೃತಿಗೆ ತಲೆಬಾಗುವುದಿಲ್ಲ. ರೋಗಿಯ ದೀಪ, ಗಂಜಿ, ಭಾಷೆ, ನಾಚಿಕೆ, ಇವಕ್ಕೆಲ್ಲಾ ಬ್ಯೂರೋ ಹೊಂದಿಕೊಳ್ಳಲೇಬೇಕು. ಜಾತಿ ಕೇಳುವುದಕ್ಕೆ ಹೊಂದಿಕೊಳ್ಳಬಾರದು. ‘ಯಾವ ಜನ’ ಎಂಬ ಪ್ರಶ್ನೆ ಬಂದಾಗ ಬ್ಯೂರೋದವರು ಫೋನ್ ಇಡಲಿ. ಧಂಧೆ ಹೋಗುತ್ತದೆ ಅನ್ನುತ್ತಾರೆ, ಹೋಗಲ್ಲ. ರಾತ್ರಿ ಮಲಗಲಾಗದೆ ನಾಲ್ಕು ದಿನ ಕಳೆದ ಮನೆಯವರು ತಾವೇ ಮತ್ತೆ ಫೋನ್ ಮಾಡುತ್ತಾರೆ.

ಅವಳು ಹೋದಳು, ಬ್ಯೂರೋ ಮರುದಿನವೇ ಇನ್ನೊಬ್ಬಳನ್ನು ಕಳಿಸಿತು. 8 ಗಂಟೆಗೆ ಮತ್ತೆ ಪೋಹೆಯ ತಟ್ಟೆ. ಎರಡು ತಿಂಗಳಲ್ಲಿ ಅವಳು ಕಲಿತದ್ದೆಲ್ಲಾ ಅವಳ ಜೊತೆಗೇ ಗಾಡಿ ಹತ್ತಿ ಹೋಯಿತು. ಹಳಬಳು ಹೊಸಬಳಿಗೆ ಒಂದು ಮಾತು ಹೇಳಿ ಹೋಗುವ ಪದ್ಧತಿಯೇ ಇಲ್ಲ. ಮಾವಶಿಯರು ಬದಲಾಗುವುದಕ್ಕೆ ಬರೀ ಲೋಟವೇ ಕಾರಣ ಅಂತಲ್ಲ. ದುಡ್ಡೂ ಕಾರಣ. ನಾವು ಬ್ಯೂರೋಗೆ ಎಷ್ಟು ಕೊಡುತ್ತೇವೆ ಎಂದು ಅವಳಿಗೆ ಎಷ್ಟೋ ಸಲ ಗೊತ್ತಿರುವುದಿಲ್ಲ, ಅವಳ ಕೈಗೆ ಎಷ್ಟು ಸೇರುತ್ತದೆ ಎಂದು ನಮಗೂ ಗೊತ್ತಿರುವುದಿಲ್ಲ. ವಾರದ ರಜೆ ಕೇಳಿದರೆ ಆ ದಿನದ ಕೂಲಿ ಕಟ್. ಬೇರೆ ಬ್ಯೂರೋ ಸ್ವಲ್ಪ ಜಾಸ್ತಿ ಕೊಡ್ತೀನಿ ಅಂದರೆ ಹೋಗದೆ ಏನು ಮಾಡ್ತಾಳೆ?

ಸರ್ಕಾರ ಎಲ್ಲಿದೆ? ಹಿರಿಯ ನಾಗರಿಕರ ಕಾನೂನು 2007ರದ್ದು. ಅದಕ್ಕೆ 2019ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಒಂದು ತಿದ್ದುಪಡಿ ಮಸೂದೆ ಬಂತು. ಮನೆಗೆ ಜನ ಕಳಿಸುವ ಸಂಸ್ಥೆಗಳು ನೋಂದಣಿ ಮಾಡಿಸಬೇಕು, ಕನಿಷ್ಠ ಮಟ್ಟ ಕಾಪಾಡಬೇಕು ಎಂದು ಅದರಲ್ಲಿತ್ತು. ಆ ಲೋಕಸಭೆಯ ಅವಧಿ ಮುಗಿಯುವವರೆಗೂ ಪಾಸಾಗಲಿಲ್ಲ. 70 ದಾಟಿದವರಿಗೆ 2024ರಿಂದ ಆಯುಷ್ಮಾನ್ ಕಾರ್ಡ್ ಇದೆ, 5 ಲಕ್ಷದವರೆಗೆ. ಆಸ್ಪತ್ರೆಯಲ್ಲಿ ದಾಖಲಾದರೆ ಆಯಿತು. ಮನೆಗೆ ಬಂದ ಮೇಲೆ ಮಾವಶಿಯ ಸಂಬಳ ನಿಮ್ಮ ಜೇಬಿನಿಂದಲೇ. ಮನೆಯಲ್ಲಿ ಹಿರಿಯರಿಗೆ ಏನಾದರೂ ತೊಂದರೆ, ಹೊಡೆತ ಬಡಿತ ಅಂತಾದರೆ 14567ಕ್ಕೆ ಫೋನ್ ಮಾಡಬಹುದು, ಅದು ಹಿರಿಯರ ಸಹಾಯವಾಣಿ. ಮಾವಶಿಗೂ ಕಾನೂನು ಇದೆ, ಅದನ್ನು ಯಾರೂ ಅವಳಿಗೆ ಹೇಳುವುದಿಲ್ಲ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನಿನಲ್ಲಿ ನಮ್ಮ ಮನೆಯೂ ಕೆಲಸದ ಜಾಗವೇ. ಮನೆಯ ಯಜಮಾನರು ಕೈ ಹಿಡಿದು ಎಳೆದರೆ ‘ವಯಸ್ಸಾಗಿದೆ, ಬಿಡು’ ಎಂದು ನಗುವ ಹಾಗಿಲ್ಲ. ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡುವ ಹಕ್ಕು ಅವಳಿಗಿದೆ.

ಗುಣಮಟ್ಟದ ಬಗ್ಗೆ ಇನ್ನೊಂದೇ ವಿಷಯ. ಬ್ಯೂರೋ ‘ನರ್ಸ್ ಕಳಿಸ್ತೀವಿ’ ಅಂದರೆ ಮಹಾರಾಷ್ಟ್ರ ನರ್ಸಿಂಗ್ ಕೌನ್ಸಿಲ್ ನೋಂದಣಿ ನಂಬರ್ ಕೇಳಿ. ಎಎನ್‌ಎಂ, ಜಿಎನ್‌ಎಂ ಎಂಬ ನರ್ಸಿಂಗ್ ಕೋರ್ಸ್ ಮುಗಿಸಿ ನೋಂದಾಯಿಸಿಕೊಂಡವರಿಗೆ ಅದು ಇರುತ್ತದೆ. ಬಿಳಿ ಕೋಟು ಹಾಕಿಸಿದ ಮಾತ್ರಕ್ಕೆ ನರ್ಸ್ ಆಗುವುದಿಲ್ಲ. ನಂಬರ್ ಇಲ್ಲದವಳ ಕೈಯಲ್ಲಿ ಇಂಜೆಕ್ಷನ್ ಹಾಕಿಸಬೇಡಿ. ಮಾವಶಿ ಬೇಕಾದದ್ದಕ್ಕೆ ಮಾವಶಿ, ನರ್ಸ್ ಬೇಕಾದದ್ದಕ್ಕೆ ನರ್ಸ್. ಮೂಗಿನ ನಳಿಗೆಯಿಂದ ಊಟ ಕೊಡುವಾಗ ತಲೆದಿಂಬು ಎತ್ತರ ಇರಬೇಕು, ಕೊಟ್ಟ ಮೇಲೂ ಅರ್ಧ ಗಂಟೆ ಹಾಗೇ ಕೂರಿಸಬೇಕು, ಮೂತ್ರದ ಚೀಲ ಮಂಚದ ಮಟ್ಟಕ್ಕಿಂತ ಕೆಳಗೇ ನೇತಾಡಬೇಕು. ಇಷ್ಟು ಗೊತ್ತಾ ಎಂದು ಮೊದಲ ದಿನವೇ ಮಾತಾಡಿ ತಿಳಿದುಕೊಳ್ಳಿ. ಗೊತ್ತಿದ್ದವಳು ಬೇಜಾರು ಮಾಡಿಕೊಳ್ಳುವುದಿಲ್ಲ.

ನಮ್ಮ ಸಂಘಗಳಿಗೂ ಒಂದು ಮಾತು. ಮುಂಬೈ ಕನ್ನಡಿಗರಿಗೆ ಸಂಘಗಳಿಗೆ ಬರವೇ? ಮಾಟುಂಗಾದ ಮೈಸೂರು ಅಸೋಸಿಯೇಷನ್ 1926ರದ್ದು. ಕರ್ನಾಟಕ ಸಂಘ, ಬಂಟರ ಸಂಘ, ಬಿಲ್ಲವರದ್ದು, ಮೊಗವೀರರದ್ದು, ಎಲ್ಲಾ ಇವೆ. ಹಾಲ್ ಇದೆ, ಮೈಕ್ ಇದೆ, ಶಾಲು ಹಾರ ಯಾವಾಗಲೂ ಸಿದ್ಧ. ತಿಂಗಳಿಗೊಂದು ಸನ್ಮಾನ ಬಿಟ್ಟು ಅದೇ ಹಾಲಿನಲ್ಲಿ ಒಂದು ಮಧ್ಯಾಹ್ನ ಮಾವಶಿಯರನ್ನು ಕರೆಯಿರಿ. ಬಂದುಹೋಗುವ ಖರ್ಚು, ಆ ದಿನದ ಕೂಲಿ ಕೊಡಿ. ಗಂಜಿ ಹೇಗೆ, ರೊಟ್ಟಿ ಹೇಗೆ, ನಮ್ಮ ಅಜ್ಜಿಯರು ಯಾವುದಕ್ಕೆ ಮುಖ ತಿರುಗಿಸುತ್ತಾರೆ, ಹೇಳಿಕೊಡಿ. ಅವರಿಂದಲೂ ಕೇಳಿ, ನಮ್ಮ ಮನೆಗಳಲ್ಲಿ ಅವರಿಗೆ ಏನು ಕಷ್ಟ ಎಂದು. ಊಟದ ಹೊತ್ತಿಗೆ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂರಲಿ.

ಬ್ಯೂರೋ ನಡೆಸುವವರು ಯಾರಾದರೂ ಇದನ್ನು ನೋಡುತ್ತಿದ್ದರೆ, ನಾನು ಕೇಳುವುದು ದೊಡ್ಡದೇನಲ್ಲ. ಮಾವಶಿ ಬದಲಾಗುವಾಗ ಒಂದು ದಿನ ಇಬ್ಬರೂ ಒಟ್ಟಿಗೆ ಇರಲಿ. ಹಳಬಳು ತೋರಿಸಲಿ, ಹೊಸಬಳು ನೋಡಲಿ. ಒಬ್ಬರಿಗೆ ಇದನ್ನು ಹೇಳಿದಾಗ ಅವರು ನಕ್ಕು ಕೇಳಿದ್ದು ಒಂದೇ: ‘ಸಾಹೇಬ್ರೇ, ಆ ಎರಡನೆಯವಳ ದಿನದ ದುಡ್ಡು ಯಾರು ಕೊಡ್ತಾರೆ?’ ಮನೆಯವರು ಅರ್ಧ, ಬ್ಯೂರೋ ಅರ್ಧ ಅಂದೆ. ಇನ್ನೂ ಒಪ್ಪಿಲ್ಲ. ನೀವು ಒಪ್ಪುತ್ತೀರಾ, ಇಲ್ವಾ, ಕೆಳಗೆ ಬರೆಯಿರಿ. ನಿಮ್ಮ ಮನೆಯ ಮಾವಶಿ ಏನಂತಾರೆ ಅಂತಾನೂ ಕೇಳಿ ಬರೆಯಿರಿ.