ಚಾರಿಟಿ ಓಟ: ದುಡ್ಡು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗಬೇಕು?

[ದೃಶ್ಯ: ತುಮಕೂರು ಅಮಾನಿಕೆರೆ, ಬೆಳಗ್ಗೆ ಆರು ಗಂಟೆ. ವಾಕಿಂಗ್ ಮಾಡುವವರ ನಡುವೆ ಓಡುವವರು.]

ನಮಸ್ಕಾರ. ಬೆಂಗಳೂರಿನಲ್ಲಿ 2008ರಿಂದ ವರ್ಲ್ಡ್ 10ಕೆ ಓಟ ನಡೆಯುತ್ತಿದೆ. ನಮ್ಮೂರಿನಿಂದಲೂ ರಾತ್ರಿಯೇ ಹೊರಟು ಹೋಗಿ ಓಡಿ ಬರುವವರಿದ್ದಾರೆ. ಇಂಥ ಓಟಗಳಲ್ಲಿ ಸಮಾಜ ಸೇವೆಗೆ ಹಣ ಕೂಡಿಸುತ್ತಾರೆ ಎಂದು ಕೇಳಿರುತ್ತೀರಿ. ಅದು ಹೇಗೆ ಕೂಡುತ್ತದೆ? ನಾವು ಕಟ್ಟುವ ಎಂಟ್ರಿ ಫೀಸೇ ದಾನ ಅಂತ ಬಹಳ ಜನ ಅಂದುಕೊಂಡಿದ್ದಾರೆ.

ಹಾಗಲ್ಲ.

[ದೃಶ್ಯ: ಎದೆಗೆ ಸಿಕ್ಕಿಸುವ ನಂಬರ್ ಪಟ್ಟಿ, ಹತ್ತಿರದಿಂದ. ತಿರುಗಿಸಿದಾಗ ಹಿಂದೆ ಅಂಟಿಸಿದ ತೆಳ್ಳನೆ ಚಿಪ್.]

ಇದನ್ನು ನೋಡಿ. ನಾಲ್ಕು ಮೂಲೆಗೆ ನಾಲ್ಕು ಪಿನ್. ಹಿಂದೆ ಒಂದು ಪಟ್ಟಿ, ಅದರಲ್ಲಿ ಚಿಪ್. ನೀವು ಗೆರೆ ದಾಟಿದ ಸಮಯ ದಾಖಲಾಗುವುದು ಇದರಿಂದ. ಇದಕ್ಕೆ ದುಡ್ಡು, ಟೀ ಶರ್ಟಿಗೆ ದುಡ್ಡು, ಮೆಡಲ್, ನೀರು, ಬಾಳೆಹಣ್ಣು, ಬ್ಯಾರಿಕೇಡ್, ಆಂಬುಲೆನ್ಸ್ ಎಲ್ಲಕ್ಕೂ ದುಡ್ಡು. ಫೀಸಿನ ದೊಡ್ಡ ಪಾಲು ಇಲ್ಲೇ ಮುಗಿಯುತ್ತದೆ. ಇದರಲ್ಲಿ ಮೋಸ ಏನೂ ಇಲ್ಲ, ಓಟ ನಡೆಸಲು ಖರ್ಚು ಇದ್ದೇ ಇದೆ. ದಾನದ ಹಣ ಬೇರೆ ದಾರಿಯಿಂದ ಬರುತ್ತದೆ. ಓಡುವವರು ತಮ್ಮ ನೆಂಟರು, ಸ್ನೇಹಿತರು, ಆಫೀಸಿನವರನ್ನು ಕೇಳುತ್ತಾರೆ: "ನಾನು ಇಂಥ ಕೆಲಸಕ್ಕಾಗಿ ಓಡುತ್ತಿದ್ದೇನೆ, ನೀವೆಷ್ಟು ಕೊಡುತ್ತೀರಿ?" 1981ರಲ್ಲಿ ಶುರುವಾದ ಲಂಡನ್ ಮ್ಯಾರಥಾನ್ ಇದುವರೆಗೆ 100 ಕೋಟಿ ಪೌಂಡಿಗಿಂತ ಜಾಸ್ತಿ ಕೂಡಿಸಿರುವುದು ಹೀಗೆಯೇ, ಒಬ್ಬೊಬ್ಬ ಓಟಗಾರ ತನ್ನ ಪರಿಚಯದವರನ್ನು ಕೇಳಿ ಕೇಳಿ.

ಹೇಗೆ ಕೇಳಬೇಕು ಎನ್ನುವುದಕ್ಕೆ ಟೆರ್ರಿ ಫಾಕ್ಸ್ ಕತೆ ಗೊತ್ತಿರಬೇಕು. ಕೆನಡಾದ ಹುಡುಗ. ಕ್ಯಾನ್ಸರ್‌ನಿಂದ ಬಲಗಾಲು ಹೋಗಿತ್ತು. 1980ರ ಏಪ್ರಿಲ್‌ನಲ್ಲಿ ಕೃತಕ ಕಾಲು ಹಾಕಿಕೊಂಡು ದೇಶದ ಪೂರ್ವದ ತುದಿಯಿಂದ ಓಡಲು ಶುರು ಮಾಡಿದ. 143 ದಿನ, 5,373 ಕಿಲೋಮೀಟರ್. ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿ ಅರ್ಧದಲ್ಲೇ ನಿಲ್ಲಿಸಬೇಕಾಯಿತು. 1981ರಲ್ಲಿ ತೀರಿಕೊಂಡಾಗ ಅವನಿಗೆ ಇನ್ನೂ 22 ವರ್ಷ. ಅವನು ಕೇಳಿದ್ದು ಇಷ್ಟೇ: ಕ್ಯಾನ್ಸರ್ ಸಂಶೋಧನೆಗೆ ಕೆನಡಾದ ಪ್ರತಿಯೊಬ್ಬರಿಂದ ಒಂದು ಡಾಲರ್. ಆಗ ದೇಶದ ಜನಸಂಖ್ಯೆ ಸುಮಾರು 2 ಕೋಟಿ 40 ಲಕ್ಷ. ಅಷ್ಟು ಡಾಲರ್ ಕೂಡಿದ್ದನ್ನು ಅವನು ಬದುಕಿದ್ದಾಗಲೇ ನೋಡಿದ. ಎಷ್ಟು ಕೊಡಬೇಕು, ಯಾವುದಕ್ಕೆ ಕೊಡಬೇಕು, ಎರಡೂ ಕೇಳಿದವರಿಗೆ ಸ್ಪಷ್ಟವಾಗಿತ್ತು.

ಕೇಳಲು ನಾಚಿಕೆ ಅನ್ನುವವರಿಗೆ ಒಂದು ಮಾತು. ನಾವು ತುಮಕೂರಿನವರು. ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ ಹಳ್ಳಿ ಹಳ್ಳಿಗೆ ಭಿಕ್ಷೆಗೆ ಹೋಗಿ ದಾಸೋಹದ ಒಲೆ ಆರದ ಹಾಗೆ ನೋಡಿಕೊಂಡವರು. ಕೊಟ್ಟವರಿಗೂ ತಮ್ಮ ಮನೆಯ ರಾಗಿ ಯಾವ ಒಲೆಗೆ ಹೋಯಿತು, ಯಾರ ಮಕ್ಕಳು ಉಂಡರು ಎಂದು ಗೊತ್ತಿತ್ತು.

[ದೃಶ್ಯ: ಜಿಲ್ಲೆಯ ನಕ್ಷೆ. ಪಾವಗಡ ತಾಲ್ಲೂಕು ಬಣ್ಣದಲ್ಲಿ.]

ಈಗ ನಮ್ಮ ಜಿಲ್ಲೆಗೇ ಬರೋಣ. ಪಾವಗಡದ ಕಡೆ ಕೊಳವೆ ಬಾವಿ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ನೆಲದಡಿಯ ಗ್ರಾನೈಟ್ ಬಂಡೆಯಿಂದ ಅದು ನೀರಿಗೆ ಇಳಿಯುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ. ಇನ್ನೂ ಜಾಸ್ತಿಯಾದರೆ ಮೂಳೆಗೂ ತೊಂದರೆ. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಫ್ಲೋರೈಡ್ ಗಟ್ಟಿಯಾಗುತ್ತದೆ. ಹಾಗಾಗಿ ನೀರನ್ನು ಸೋಸಿ ಶುದ್ಧ ಮಾಡುವ ಆರ್‌ಒ ಘಟಕ ಬೇಕು.

ಶಾಲೆಗಳಲ್ಲಿ ಘಟಕ ಕೂರಿಸಲು ದಾನಿಗಳು ಸಿಗುತ್ತಾರೆ. ಎರಡು ವರ್ಷದ ನಂತರ ಅದರೊಳಗಿನ ನೀರು ಸೋಸುವ ಪೊರೆ, ಅಂದರೆ ಮೆಂಬ್ರೇನ್ ಬದಲಿಸಬೇಕಾದಾಗ ಯಾರೂ ಸಿಗುವುದಿಲ್ಲ. ಘಟಕಕ್ಕೆ ಬೀಗ ಬೀಳುತ್ತದೆ, ಮಕ್ಕಳು ಮತ್ತೆ ಅದೇ ಬೋರ್‌ವೆಲ್ ನೀರು ಕುಡಿಯುತ್ತಾರೆ. ಚಾರಿಟಿ ಓಟ ಹೊಂದುವುದು ಇಂಥ ಕೆಲಸಕ್ಕೆ. ರಿಪೇರಿ ಖರ್ಚು ವರ್ಷ ವರ್ಷ ಬರುತ್ತದೆ, ಓಟವನ್ನೂ ವರ್ಷ ವರ್ಷ ಇಡಬಹುದು. ಹೊಸ ಕಟ್ಟಡ, ಹೊಸ ಘಟಕ ಎಂದು ಕೇಳುವುದಕ್ಕಿಂತ ಇರುವುದನ್ನು ನಡೆಸಲು ಕೇಳಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಲೆಕ್ಕ ಹಾಕೋಣ. ಓಟ 5 ಕಿಲೋಮೀಟರ್. ಕಿಲೋಮೀಟರಿಗೆ 20 ರೂಪಾಯಿ ಕೊಡಿ ಎಂದು ಕೇಳಿದರೆ ಒಬ್ಬರಿಂದ 100 ರೂಪಾಯಿ. ಒಬ್ಬ ಓಟಗಾರ 60 ಜನರನ್ನು ಒಪ್ಪಿಸಿದರೆ 6,000. ಅಂಥ 20 ಜನ ಓಡಿದರೆ 1 ಲಕ್ಷ 20 ಸಾವಿರ.

ಇದಕ್ಕೆ ರಸ್ತೆ ಬಂದ್ ಮಾಡಿಸಬೇಕಿಲ್ಲ. 400 ಮೀಟರ್ ಟ್ರ್ಯಾಕ್ ಇರುವ ಮೈದಾನದಲ್ಲಿ ಹನ್ನೆರಡೂವರೆ ಸುತ್ತು ಓಡಿದರೆ 5 ಕಿಲೋಮೀಟರ್ ಆಯಿತು. ಮೈದಾನದವರ ಅನುಮತಿ, ನೆರಳು, ನೀರು, ಪ್ರಥಮ ಚಿಕಿತ್ಸೆ ಇಷ್ಟಿರಲಿ. ಒಬ್ಬೊಬ್ಬ ಓಟಗಾರನಿಗೆ ಒಬ್ಬ ವಿದ್ಯಾರ್ಥಿ ನೋಟ್‌ಬುಕ್ ಹಿಡಿದು ಕೂತು, ಸುತ್ತಿಗೊಂದು ಗೆರೆ ಎಳೆಯಲಿ. ಐದನೆಯ ಗೆರೆ ಅಡ್ಡಕ್ಕೆ. ಚಿಪ್ ಬೇಡ. ಮೆಡಲ್ ಬೇಡವೇ ಬೇಡ, ಆ ದುಡ್ಡೂ ಮೆಂಬ್ರೇನಿಗೆ ಸೇರಲಿ.

ತಯಾರಿಗೆ ಎರಡು ತಿಂಗಳು ಸಾಕು. ಒಂದು ನಿಮಿಷ ಓಡಿ, ಎರಡು ನಿಮಿಷ ನಡೆಯಿರಿ, ವಾರ ವಾರ ಓಟ ಸ್ವಲ್ಪ ಹೆಚ್ಚಿಸಿ. ಓಡುತ್ತಾ ಪಕ್ಕದವರ ಜೊತೆ ಮಾತಾಡಲು ಆಗುತ್ತಿದ್ದರೆ ವೇಗ ಸರಿ ಇದೆ. ಎದೆನೋವು, ಬಿಪಿ, ಶುಗರ್ ಇರುವವರು ಮೊದಲು ಡಾಕ್ಟರ್ ಬಳಿ ಹೋಗಿ.

[ದೃಶ್ಯ: ರಸೀದಿ ಪುಸ್ತಕ, ಹತ್ತಿರದಿಂದ.]

ದುಡ್ಡಿನ ವಿಷಯದಲ್ಲಿ ಮಾತ್ರ ಸಡಿಲ ಬಿಡಬೇಡಿ. ನಿಮ್ಮ ಸ್ವಂತ ಫೋನ್‌ಪೇಗೆ ಹಣ ಹಾಕಿಸಿಕೊಳ್ಳಬೇಡಿ. ಸರ್ಕಾರಿ ಶಾಲೆಯಾದರೆ ಮುಖ್ಯ ಶಿಕ್ಷಕರು ಮತ್ತು ಶಾಲಾಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿ ಜೊತೆ ಮೊದಲೇ ಕೂತು ಮಾತಾಡಿ. ಟ್ರಸ್ಟ್ ಮೂಲಕವಾದರೆ ನೇರ ಟ್ರಸ್ಟ್ ಖಾತೆಗೇ ಹೋಗಲಿ. 80ಜಿ ರಸೀದಿ ಕೊಡುವ ಟ್ರಸ್ಟ್ ಆದರೆ, ಹಳೆಯ ತೆರಿಗೆ ಪದ್ಧತಿಯಲ್ಲಿರುವ ದಾನಿಗೆ ವಿನಾಯಿತಿ ಸಿಗುತ್ತದೆ. ಆದರೆ 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಆ ವಿನಾಯಿತಿ ಇಲ್ಲ.

ಅಮೆರಿಕದಲ್ಲಿರುವ ಅಣ್ಣನನ್ನು ಕೇಳುವ ಮುಂಚೆ ಇದನ್ನು ನೋಡಿಕೊಳ್ಳಿ. ಅವರ ಬಳಿ ಇನ್ನೂ ಭಾರತದ ಪಾಸ್‌ಪೋರ್ಟ್ ಇದ್ದು, ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಅಲ್ಲಿನ ಪೌರತ್ವ ಪಡೆದಿದ್ದರೆ ಅದು ವಿದೇಶಿ ದೇಣಿಗೆ. ಅದನ್ನು ಪಡೆಯಲು ಟ್ರಸ್ಟಿಗೆ ವಿದೇಶಿ ದೇಣಿಗೆ ಕಾಯ್ದೆಯ, ಅಂದರೆ ಎಫ್‌ಸಿಆರ್‌ಎ ನೋಂದಣಿ ಅಥವಾ ಮುಂಚೆಯೇ ಪಡೆದ ಅನುಮತಿ ಇರಬೇಕು. ಇದನ್ನು ನೋಡದೆ ಹಾಕಿಸಿಕೊಂಡರೆ ಒಳ್ಳೆಯ ಟ್ರಸ್ಟ್ ಕಷ್ಟಕ್ಕೆ ಸಿಕ್ಕಿಕೊಳ್ಳುತ್ತದೆ.

ಕೆಲಸ ಮುಗಿದ ಮೇಲೆ 100 ರೂಪಾಯಿ ಕೊಟ್ಟವರಿಗೂ ಮೆಸೇಜ್ ಹೋಗಬೇಕು: ಮೆಂಬ್ರೇನ್ ಬಿಲ್ಲಿನ ಫೋಟೋ, ಉಳಿದ ಹಣ ಎಷ್ಟು, ನೀರಿನ ಪರೀಕ್ಷೆಯ ಫಲಿತಾಂಶ. ನೀರಿನಲ್ಲಿ ಕರಗಿದ ಒಟ್ಟು ಲವಣ ತೋರಿಸುವ ಟಿಡಿಎಸ್ ಮೀಟರ್ ಅದ್ದಿ ತೆಗೆದ ಫೋಟೋ ಸಾಲದು, ಅದು ಫ್ಲೋರೈಡನ್ನು ಬೇರೆಯಾಗಿ ತೋರಿಸುವುದಿಲ್ಲ. ನೀರನ್ನು ಲ್ಯಾಬಿಗೇ ಕಳಿಸಿ, ರಿಪೇರಿಗೆ ಮುಂಚೆ ಒಂದು ಸಲ, ಆಮೇಲೆ ಒಂದು ಸಲ.

ಪಾವಗಡ, ಮಧುಗಿರಿ, ಶಿರಾ ಕಡೆ ನಿಮ್ಮೂರ ಶಾಲೆಯ ಘಟಕ ನಿಂತು ಹೋಗಿದ್ದರೆ ಕೆಳಗೆ ಬರೆಯಿರಿ. ಊರಿನ ಹೆಸರು, ಎಂದಿನಿಂದ ನಿಂತಿದೆ, ಕೆಟ್ಟಿರುವುದು ಮೋಟರೋ ಮೆಂಬ್ರೇನೋ, ಇಷ್ಟು ಸಾಕು.