ಚಳಿ ಅಲ್ಲ ಸ್ವಾಮಿ, ತೂಕ!

ನಮಸ್ಕಾರ. ಇವತ್ತು ನೀರೊಳಗಿನ ಕ್ಯಾಮೆರಾ ಬಗ್ಗೆ ಮಾತಾಡಬೇಕಿತ್ತು. ಅದು ಮುಂದಿನ ವಾರಕ್ಕೆ ಹೋಯಿತು. ನಿನ್ನೆ ರಾತ್ರಿ ಒಂದು ಕಾಮೆಂಟ್ ಓದಿದೆ, ಆಮೇಲೆ ನಿದ್ದೆ ಬರಲಿಲ್ಲ.

ಬರೆದವರು ನಮ್ಮ ನೇತ್ರಾಣಿ ದ್ವೀಪದಲ್ಲಿ ಡೈವಿಂಗ್ ಕಲಿತವರು. ಈಗ ಕೆಲಸದ ಮೇಲೆ ಕ್ಯಾಲಿಫೋರ್ನಿಯಾಕ್ಕೆ ಬಂದಿದ್ದಾರೆ. ಈ ಶನಿವಾರ ಮಾಂಟೆರೆಯಲ್ಲಿ ಅವರ ಮೊದಲ ಡೈವ್. "ಚಳಿ ಅಷ್ಟೇ ಅಲ್ವಾ? ದಪ್ಪ ಸೂಟ್ ಬಾಡಿಗೆಗೆ ತಗೊಂಡ್ರೆ ಆಯ್ತು. ಸೀದಾ ಕೆಲ್ಪ್ ಕಾಡಿಗೇ ಹೋಗ್ತೀವಿ" ಅಂತ ಬರೆದಿದ್ದಾರೆ. (ಕೆಲ್ಪ್ ಅಂದರೆ ಕಡಲ ತಳದಿಂದ ಮರದ ಹಾಗೆ ಎದ್ದು ನಿಲ್ಲುವ ದೊಡ್ಡ ಪಾಚಿ.) ಅದಕ್ಕೆ ಒಂದಿಷ್ಟು ಜನ ಲೈಕ್ ಬೇರೆ ಒತ್ತಿದ್ದಾರೆ.

ಇಲ್ಲ. ಚಳಿ ಅಷ್ಟೇ ಅಲ್ಲ. ದಪ್ಪ ಸೂಟ್ ಹಾಕಿದ ಕೂಡಲೇ ನಿಮ್ಮ ತೂಕದ ಲೆಕ್ಕ, ಅಂದರೆ ಮುಳುಗಲು ಕಟ್ಟಿಕೊಳ್ಳುವ ಸೀಸದ ಲೆಕ್ಕ, ಪೂರ್ತಿ ಬದಲಾಗುತ್ತದೆ. ಆ ತೂಕವನ್ನು ದಡದ ಹತ್ತಿರ ಪರೀಕ್ಷೆ ಮಾಡದೆ ಆಳಕ್ಕೆ ಹೋಗಬೇಡಿ. ಮೊದಲು ತೂಕ. ನಾನು ಹೇಳೋದು ಇದೊಂದೇ.

ನಾನೂ ನೇತ್ರಾಣಿಯಲ್ಲೇ ಕಲಿತವನು. ಮುರ್ಡೇಶ್ವರದಿಂದ ದೋಣಿಯಲ್ಲಿ ಸುಮಾರು 19 ಕಿಲೋಮೀಟರ್. ನೀರು 28 ಡಿಗ್ರಿ ಆಸುಪಾಸು. ಮೈಮೇಲೆ 3 ಮಿಲಿಮೀಟರ್ ಸೂಟ್, ಸೊಂಟಕ್ಕೆ 3 ಕೆಜಿ ಸೀಸ. ಅಷ್ಟೇ. ಮಾಂಟೆರೆಯಲ್ಲಿ ನೀರು ಹೆಚ್ಚಾಗಿ 10ರಿಂದ 14 ಡಿಗ್ರಿ. 7 ಮಿಲಿಮೀಟರ್ ಸೂಟ್, ಅದರ ಮೇಲೆ ಇನ್ನೊಂದು ಪದರ, ಹುಡ್, ಗ್ಲೌಸ್, ಬೂಟು. ಈಗ ನನಗೆ 11 ಕೆಜಿ ಸೀಸ ಬೇಕು. ಮೂರು ಎಲ್ಲಿ, ಹನ್ನೊಂದು ಎಲ್ಲಿ!

ಯಾಕೆ ಇಷ್ಟು? ಸೆಟ್ ದೋಸೆ ನೆನಪು ಮಾಡಿಕೊಳ್ಳಿ. ಒಳಗೆಲ್ಲ ಸಣ್ಣ ಸಣ್ಣ ಗುಳ್ಳೆ. ವೆಟ್‌ಸೂಟಿನ ನಿಯೋಪ್ರೀನ್ ರಬ್ಬರ್ ಕೂಡ ಹಾಗೆಯೇ, ತುಂಬ ಅನಿಲದ ಗುಳ್ಳೆಗಳು. ಅವೇ ನಿಮ್ಮನ್ನು ಬೆಚ್ಚಗಿಡುತ್ತವೆ, ಅವೇ ನಿಮ್ಮನ್ನು ತೇಲಿಸುತ್ತವೆ. 10 ಮೀಟರ್ ಇಳಿದಾಗ ಒತ್ತಡ ಎರಡರಷ್ಟಾಗುತ್ತದೆ. ಗುಳ್ಳೆ ಕುಗ್ಗುತ್ತವೆ, ಸೂಟ್ ತೆಳ್ಳಗಾಗುತ್ತದೆ. ಮೇಲೆ ತೇಲಿಸುತ್ತಿದ್ದ ಅದೇ ಸೂಟ್ ಈಗ ಕೈಬಿಡುತ್ತದೆ. ನೀವು ಸರ್ರನೆ ಮುಳುಗುತ್ತೀರಿ. ಆಗ ಬಿಸಿಡಿ ಜಾಕೆಟ್ಟಿಗೆ, ಅಂದರೆ ತೇಲುವುದನ್ನು ಹೆಚ್ಚು ಕಡಿಮೆ ಮಾಡುವ ಜಾಕೆಟ್ಟಿಗೆ, ಗಾಳಿ ತುಂಬುತ್ತೀರಿ. ಮೇಲೆ ಬರುವಾಗ ಆ ಗಾಳಿಯೂ ಹಿಗ್ಗುತ್ತದೆ, ಸೂಟೂ ಹಿಗ್ಗುತ್ತದೆ. ಜಾಕೆಟ್ಟಿನ ಗಾಳಿ ಬಿಡದಿದ್ದರೆ ಬೆಂಡಿನ ಹಾಗೆ ಮೇಲಕ್ಕೆ ಚಿಮ್ಮುತ್ತೀರಿ. 3 ಮಿಲಿಮೀಟರ್ ಸೂಟಿನಲ್ಲಿ ಇದು ಗೊತ್ತೇ ಆಗಲ್ಲ.

ನನಗೆ ಆಗಿದ್ದು ಹೇಳುತ್ತೇನೆ. ಇಲ್ಲಿನ ಮೊದಲ ಡೈವ್‌ನಲ್ಲಿ ಬಾಡಿಗೆ ಕೌಂಟರಿನವರು ಅಂದಾಜಿನಲ್ಲಿ ಸೀಸ ಕೊಟ್ಟರು, ನಾನು ಕಟ್ಟಿಕೊಂಡು ಹೋದೆ. ಇಳಿಯುವಾಗ ತೊಂದರೆ ಆಗಲಿಲ್ಲ. ಕೊನೆಯಲ್ಲಿ, ಮೇಲೆ ಬರುವ ಮುಂಚೆ ಸುರಕ್ಷತೆಗಾಗಿ, 5 ಮೀಟರಿನಲ್ಲಿ ಮೂರು ನಿಮಿಷ ನಿಲ್ಲಬೇಕಿತ್ತು. ನಿಲ್ಲಲು ಆಗಲಿಲ್ಲ. ಜಾಕೆಟ್ ಖಾಲಿ, ಕಾಲು ಮೇಲೆ, ತಲೆ ಕೆಳಗೆ, ಆದರೂ ಮೇಲೆ ಹೋಗುತ್ತಿದ್ದೇನೆ. ಸಿಲಿಂಡರಿನ ಗಾಳಿಗೂ ತೂಕ ಇದೆ! ಒಂದು ಡೈವ್‌ನಲ್ಲಿ ಎರಡು ಕೆಜಿಗಿಂತ ಜಾಸ್ತಿ ಗಾಳಿ ಖರ್ಚಾಗಿ ನೀವು ಹಗುರ ಆಗಿರುತ್ತೀರಿ. ಅವತ್ತಿನ ಹೆದರಿಕೆ ಇನ್ನೂ ಮರೆತಿಲ್ಲ. ಹತ್ತು ನಿಮಿಷದ ಪರೀಕ್ಷೆ ಮಾಡಿದ್ದರೆ ಅದು ಆಗುತ್ತಲೇ ಇರಲಿಲ್ಲ. ಅದಕ್ಕೇ ಮತ್ತೆ ಹೇಳುತ್ತೇನೆ, ಮೊದಲು ತೂಕ!

ಪರೀಕ್ಷೆ ತುಂಬ ಸುಲಭ. ಎಲ್ಲ ಸಾಮಾನು ಹಾಕಿಕೊಂಡು, ಕಾಲು ನೆಲಕ್ಕೆ ಸಿಗದಷ್ಟು ನೀರಿಗೆ ಹೋಗಿ. ಜಾಕೆಟ್ ಪೂರ್ತಿ ಖಾಲಿ ಮಾಡಿ. ಮಾಮೂಲಿ ಉಸಿರು ತೆಗೆದುಕೊಂಡು ಹಿಡಿಯಿರಿ. ನೀರು ಕಣ್ಣಿನ ಮಟ್ಟಕ್ಕೆ ಬರಬೇಕು. ಉಸಿರು ಬಿಟ್ಟರೆ ನಿಧಾನಕ್ಕೆ ಮುಳುಗಬೇಕು. ತುಂಬಿದ ಸಿಲಿಂಡರ್ ಆಗಿದ್ದರೆ ಇನ್ನು ಎರಡು ಕೆಜಿ ಸೇರಿಸಿ. ಮುಗಿಯಿತು.

ಅಲ್ಲಿ ಇದ್ದಾಗಲೇ ಮುಖ ನೀರಿಗೆ ಅದ್ದಿ. ತಣ್ಣೀರು ತಾಗಿದ ತಕ್ಷಣ ಉಸಿರು ಏದುತ್ತದೆ, ಅದು ದೇಹದ ಗುಣ. ಒಂದೆರಡು ನಿಮಿಷದಲ್ಲಿ ಹತೋಟಿಗೆ ಬರುತ್ತದೆ. ಹುಡ್ ಎಳೆದು ಸ್ವಲ್ಪ ನೀರು ಬಿಟ್ಟುಕೊಳ್ಳಿ, ಇಲ್ಲದಿದ್ದರೆ ಕಿವಿಯ ಒತ್ತಡ ಸರಿ ಮಾಡಲು ಕಷ್ಟ. ಗ್ಲೌಸ್ ಹಾಕಿದ ಕೈಯಲ್ಲೇ ವೆಯ್ಟ್ ಬೆಲ್ಟ್ ಬಿಚ್ಚಿ ನೋಡಿ. ಬೆರಳು ಮಾತು ಕೇಳುತ್ತದಾ ಅಂತ ಅಲ್ಲೇ ಗೊತ್ತಾಗಲಿ.

"ನಾನು 40 ಡೈವ್ ಮಾಡಿದ್ದೀನಿ" ಅನ್ನುತ್ತೀರಾ? ಎಲ್ಲವೂ ಬೆಚ್ಚಗಿನ ನೀರಿನಲ್ಲಿ ಮಾಡಿದ್ದು. ಇಲ್ಲಿ ನೀವು ಹೊಸಬರೇ. "ಟೈಮ್ ವೇಸ್ಟ್" ಅಂತ ಇನ್ನೊಬ್ಬರು. ಹತ್ತು ನಿಮಿಷ ರೀ! ಪಾರ್ಕಿಂಗ್ ಹುಡುಕಲು ಅದಕ್ಕಿಂತ ಜಾಸ್ತಿ ಹೊತ್ತು ಬೇಕು. "ಬಡ್ಡಿ (ಜೊತೆಗೆ ಇಳಿಯುವ ಡೈವರ್) ನೋಡ್ಕೋತಾನೆ" ಅನ್ನುವವರಿಗೆ ಉತ್ತರವೇ ಬೇಡ. ಬಡ್ಡಿ ನಂಬಿ ಕೂರಲು ಇದೇನು ಬ್ಯಾಂಕ್ ಡಿಪಾಸಿಟ್ಟಾ? ಅವನ ತೂಕ ಅವನಿಗೆ, ನಿಮ್ಮ ತೂಕ ನಿಮಗೆ.

ನಾನು ಹೆದರಿಸುತ್ತಿಲ್ಲ. ಮಾಂಟೆರೆಯ ಕೆಲ್ಪ್ ಒಂದು ದಿನಕ್ಕೆ 60 ಸೆಂಟಿಮೀಟರ್‌ವರೆಗೂ ಬೆಳೆಯಬಲ್ಲದು. ಅದರ ಮಧ್ಯೆ ಬಿಸಿಲು ಇಳಿಯುವಾಗ ಮಲೆನಾಡಿನ ಕಾಡಿನಲ್ಲಿ ತೇಲಿದ ಹಾಗೆ ಇರುತ್ತದೆ. ಸೀಲ್ ಬಂದು ನಿಮ್ಮ ಕಾಲಿನ ಫಿನ್ ಕಚ್ಚಿ ಆಟ ಆಡುತ್ತದೆ. ಇದನ್ನು ನೀವು ನೋಡಲೇಬೇಕು. ನಿಂತು ನೋಡಬೇಕು. ನಿಲ್ಲಬೇಕು ಅಂದರೆ ಏನು ಬೇಕು? ತೂಕ! ಮೊದಲು ತೂಕ, ಮೊದಲು ತೂಕ, ಮೊದಲು ತೂಕ!

ಕನ್ನಡದಲ್ಲಿ ತಣ್ಣೀರು ಡೈವಿಂಗ್ ಬಗ್ಗೆ ಬಿಡದೆ ವಿಡಿಯೋ ಮಾಡುತ್ತಿದ್ದೇನೆ. ಸಬ್‌ಸ್ಕ್ರೈಬ್ ಮಾಡಿ, ಡೈವ್ ಮಾಡುವ ಗೆಳೆಯರಿಗೆ ಕಳಿಸಿ. ನಿಮ್ಮ ಸೂಟ್ ಎಷ್ಟು ದಪ್ಪ, ಎಷ್ಟು ಸೀಸ ಹಾಕುತ್ತೀರಿ ಅಂತ ಕೆಳಗೆ ಬರೆಯಿರಿ, ಒಂದೊಂದಕ್ಕೂ ಉತ್ತರ ಕೊಡುತ್ತೇನೆ.

ಕಾಮೆಂಟ್ ಬರೆದವರೇ, ಶನಿವಾರ ಬೆಳಿಗ್ಗೆ 7 ಗಂಟೆಗೆ ನಾನು ಸ್ಯಾನ್ ಕಾರ್ಲೋಸ್ ಬೀಚಿನ ಮೆಟ್ಟಿಲ ಹತ್ತಿರ ಇರುತ್ತೇನೆ. ಫ್ಲಾಸ್ಕಿನಲ್ಲಿ ಶುಂಠಿ ಕಷಾಯ ಇರುತ್ತದೆ. ನಿಮಗೆ ಬೇಕಾಗಬಹುದು ಅಂತ ನಾಲ್ಕು ಕೆಜಿ ಸೀಸ ಜಾಸ್ತಿ ತಂದಿರುತ್ತೇನೆ. ಬನ್ನಿ.